ಗೋಡೆಗೆ ಒಂದು ಸಲ ತಟ್ಟಿದರೆ

ಮೊನ್ನೆ ಭಾನುವಾರ ಕ್ಯಾಲೆಂಡರ್ ನೇತುಹಾಕಲು ನಡುಮನೆಯ ಗೋಡೆಗೆ ಮೊಳೆ ಹೊಡೆಯುತ್ತಿದ್ದೆ. ಒಂದು ಏಟು ಹೊಡೆದು ಸುಮ್ಮನೆ ನಿಂತುಬಿಟ್ಟೆ. ಯಾಕೆ ನಿಂತೆ ಅಂತ ನನಗೇ ಗೊತ್ತಾಗಲಿಲ್ಲ. ಸುತ್ತಿಗೆ ಕೈಯಲ್ಲಿದೆ, ಮೊಳೆ ಅರ್ಧ ಒಳಗೆ ಹೋಗಿದೆ, ನಾನು ಮಾತ್ರ ಗೋಡೆಯ ಕಡೆಗೆ ಕಿವಿ ಕೊಟ್ಟುಕೊಂಡು ನಿಂತಿದ್ದೇನೆ. ನಮ್ಮವರು ಪೇಪರಿನಿಂದ ತಲೆಯೆತ್ತಿ, "ಏನು, ಗೋಡೆ ಏನಾದರೂ ಹೇಳ್ತಾ ಇದೆಯಾ?" ಎಂದರು.

ಗೋಡೆ ಏನೂ ಹೇಳಲಿಲ್ಲ. ಫೋನು ಹೇಳಿತು. ನಮ್ಮ ಬೀದಿಯ ವಾಟ್ಸಾಪ್ ಗುಂಪಿನಲ್ಲಿ ಒಂದು ಸಂದೇಶ ಬಂದಿತ್ತು: "ಯಾರ ಮನೆಯಲ್ಲಿ ಸದ್ದು? ಮಗು ಮಲಗಿದೆ, ದಯವಿಟ್ಟು ನಿಲ್ಲಿಸಿ." ಕೆಳಗೆ ಕೈಮುಗಿದ ಚಿತ್ರ. ಬರೆದವರು ಪಕ್ಕದ ಮನೆಯವರೇ. ಬಂಗಾರಪೇಟೆಯ ಈ ಬಡಾವಣೆಯಲ್ಲಿ ಮನೆಗಳೆಲ್ಲ ಒಂದಕ್ಕೊಂದು ಅಂಟಿಕೊಂಡೇ ಇವೆ. ನನ್ನ ಮೊಳೆಯ ತುದಿಗೂ ಅವರ ಮಗುವಿನ ತೊಟ್ಟಿಲಿಗೂ ನಡುವೆ ಹೆಚ್ಚೆಂದರೆ ಎರಡು ಮೊಳ ಇರಬೇಕು. ನಾನೂ ಒಂದು ಕೈಮುಗಿದ ಚಿತ್ರ ಕಳಿಸಿದೆ. ಹೀಗೆ ಗೋಡೆಯ ಆಚೆ ಈಚೆ ನಿಂತು ಇಬ್ಬರೂ ಒಬ್ಬರಿಗೊಬ್ಬರು ಕೈ ಮುಗಿದುಕೊಂಡೆವು, ಮುಖ ನೋಡಲಿಲ್ಲ. ಕ್ಯಾಲೆಂಡರ್ ಇನ್ನೂ ಸೋಫಾದ ಮೇಲೇ ಬಿದ್ದಿದೆ.

ಆದರೆ ನಾನು ಯಾಕೆ ನಿಂತೆ ಅನ್ನುವುದು ಆಮೇಲೆ ಪಾತ್ರೆ ತೊಳೆಯುವಾಗ ಹೊಳೆಯಿತು. ಗೋಡೆಗೆ ಒಂದು ಸಲ ತಟ್ಟಿದರೆ ಆಚೆಯಿಂದ ಒಂದು ತಟ್ಟು ಬರಬೇಕು. ನಾನು ಬೆಳೆದಿದ್ದೇ ಹಾಗೆ.

ಕೆ.ಜಿ.ಎಫ್.ನ ಗಣಿ ಲೈನುಗಳನ್ನು ನೀವು ನೋಡಿದ್ದೀರೋ ಇಲ್ಲವೋ. ಬೆಂಕಿಪೊಟ್ಟಣಗಳನ್ನು ಸಾಲಾಗಿ ಜೋಡಿಸಿಟ್ಟಂಥ ಮನೆಗಳು. ಎರಡು ಮನೆಗಳ ನಡುವೆ ಇದ್ದದ್ದು ಗೋಡೆ ಅಂತ ನಾವು ಮರ್ಯಾದೆಗೆ ಹೇಳುತ್ತಿದ್ದೆವು. ನಿಜಕ್ಕೂ ಅದು ಬಿದಿರಿನ ತಟ್ಟಿಗೆ ಮಣ್ಣು ಮೆತ್ತಿ ಸುಣ್ಣ ಬಳಿದದ್ದು. ನಮ್ಮಪ್ಪ ಗೊರಕೆ ಹೊಡೆದರೆ ಪಕ್ಕದ ಮನೆಯ ಮಗು ಎದ್ದು ಅಳುತ್ತಿತ್ತು. ಪಕ್ಕದ ಮನೆಯಲ್ಲಿ ಕರಿಮೀನಿಗೆ ಒಗ್ಗರಣೆ ಬಿದ್ದರೆ ನಮ್ಮ ಮನೆಯಲ್ಲಿ ಎಲ್ಲರೂ ಸೀನುತ್ತಿದ್ದೆವು. ಹಿಂದಿನ ಕಾಲದಲ್ಲಿ ಜನ ಎಷ್ಟು ಅನ್ಯೋನ್ಯವಾಗಿದ್ದರು ಅಂತ ಈಗ ಯಾರಾದರೂ ಭಾಷಣ ಬಿಗಿದರೆ ನನಗೆ ನಗು ಬರುತ್ತದೆ. ಅನ್ಯೋನ್ಯವೂ ಇಲ್ಲ, ಮಣ್ಣೂ ಇಲ್ಲ. ಗೋಡೆ ತೆಳ್ಳಗಿತ್ತು, ಅಷ್ಟೇ.

ಪಕ್ಕದ ಮನೆ ಮುನಿಸ್ವಾಮಿಯವರದು. ಅವರ ಮಗಳು ಮಲ್ಲಿಕಾ, ನನಗಿಂತ ಮೂರು ತಿಂಗಳಿಗೆ ದೊಡ್ಡವಳು, ಆ ಮೂರು ತಿಂಗಳ ಹಿರಿತನವನ್ನು ಇವತ್ತಿಗೂ ಬಿಟ್ಟುಕೊಟ್ಟಿಲ್ಲ. ಅವರು ಮನೆಯಲ್ಲಿ ತಮಿಳು ಆಡುತ್ತಿದ್ದರು. ನಾವು ಕಾಮಸಮುದ್ರದ ಕಡೆಯವರಾದ್ದರಿಂದ ನಮ್ಮದು ಅರ್ಧ ತೆಲುಗು ಬೆರೆತ ಕನ್ನಡ. ಅಮ್ಮಂದಿರಿಬ್ಬರೂ ಶುರುವಿನಲ್ಲಿ ಒಬ್ಬರ ಮಾತು ಒಬ್ಬರಿಗೆ ಸರಿಯಾಗಿ ತಿಳಿಯದೆ ಕಷ್ಟಪಟ್ಟರಂತೆ. ಅದಕ್ಕೇ ಇರಬೇಕು, ಮಾತಿಗಿಂತ ಮೊದಲು ಗೋಡೆ ತಟ್ಟುವುದನ್ನು ಕಲಿತರು.

ಲೆಕ್ಕ ಬಹಳ ಸುಲಭ. ಸೌಟಿನ ಹಿಡಿಯಿಂದ ಒಂದು ಸಲ ತಟ್ಟಿದರೆ "ಇದ್ದೀಯಾ?" ಆಚೆಯಿಂದ ಒಂದು ಸಲ ಬಂದರೆ "ಇದ್ದೀನಿ." ಎರಡು ಸಲ ತಟ್ಟಿದರೆ "ಪಾತ್ರೆ ತಗೊಂಡು ಬಾ", ಅಂದರೆ ಸಾರೋ ಹುಳಿಯೋ ಹೆಚ್ಚಾಗಿದೆ, ಇಲ್ಲವೇ ಅವರೆಕಾಳು ಬೆಂದಿದೆ. ಮೂರು ಸಲ ಅಂದರೆ ಕೈಯಲ್ಲಿದ್ದದ್ದನ್ನು ಬಿಟ್ಟು ಓಡಿ ಬರಬೇಕು. ನನ್ನ ತಮ್ಮ ಹುಟ್ಟಿದ್ದು ಮೂರು ತಟ್ಟಿನಿಂದ. ಬೆಳಿಗ್ಗೆ ಎದ್ದ ಕೂಡಲೇ ಅಮ್ಮ ಒಲೆ ಹಚ್ಚುವ ಮೊದಲು ಒಂದು ತಟ್ಟು ತಟ್ಟುತ್ತಿದ್ದಳು. ಆಚೆಯಿಂದ ಒಂದು ಬರುವವರೆಗೆ ಬೆಂಕಿಕಡ್ಡಿ ಗೀರುತ್ತಿರಲಿಲ್ಲ.

ಈ ಬುದ್ಧಿ ಅಮ್ಮಂದಿರಿಗೆ ಬಂದದ್ದು ಗಂಡಂದಿರ ಕೆಲಸದಿಂದ. ನಮ್ಮಪ್ಪ ಗಣಿಯ ಮೇಲೆ ಎಂಜಿನ್ ಮನೆಯಲ್ಲಿ ವೈಂಡರ್. ಬಾವಿಯಿಂದ ಕೊಡ ಸೇದಿದ ಹಾಗೆ, ಆಳದ ಗಣಿಯಿಂದ ಜನ ತುಂಬಿದ ಕೇಜನ್ನು ಉಕ್ಕಿನ ಹಗ್ಗದಲ್ಲಿ ಮೇಲೆ ಕೆಳಗೆ ಮಾಡುವುದು ಅವನ ಕೆಲಸ. ತಮಾಷೆ ಏನೆಂದರೆ ಅವನು ಕೂತ ಜಾಗದಿಂದ ಕೇಜು ಕಾಣುವುದಿಲ್ಲ, ಜನ ಕಾಣುವುದಿಲ್ಲ. ಕಾಣುವುದು ಆಳ ತೋರಿಸುವ ಒಂದು ಮುಳ್ಳು, ಕೇಳುವುದು ಒಂದು ಗಂಟೆ. ಕೆಳಗಿನಿಂದ ಗಂಟೆ ಬಂದರೆ, ತಾನೂ ಅಷ್ಟೇ ಸಲ ತಿರುಗಿ ಹೊಡೆದು "ಕೇಳಿಸಿತು" ಅಂತ ತಿಳಿಸಿ, ಆಮೇಲೆ ಹಿಡಿಕೆಗೆ ಕೈ ಹಾಕಬೇಕು. ಗಂಟೆ ಬಾರದೆ ಒಂದು ಅಂಗುಲವೂ ಅಲ್ಲಾಡಿಸುವಂತಿಲ್ಲ. ಕೆಳಗೆ ಕತ್ತಲಲ್ಲಿ ನಿಂತು ಜನರನ್ನು ಹತ್ತಿಸಿ ಇಳಿಸಿ ಆ ಗಂಟೆ ಹೊಡೆಯುತ್ತಿದ್ದವರು ಯಾರು ಅಂದಿರಿ? ಇದೇ ಮುನಿಸ್ವಾಮಿ. ಮನೆಯಲ್ಲಿ ಇಬ್ಬರ ನಡುವೆ ನಾಲ್ಕು ಬೆರಳಿನ ಗೋಡೆ, ಕೆಲಸದಲ್ಲಿ ಮೈಲಿಗಟ್ಟಲೆ ಹಗ್ಗ.

ಇಂಥ ಇಬ್ಬರು ಜಗಳ ಆಡಿಕೊಂಡರೆ ಏನು ಗತಿ? ಆಡಿಕೊಂಡರು. ಒಂದು ಕುಂಬಳಕಾಯಿಗೆ.

ಅಮ್ಮ ಹಿತ್ತಿಲಲ್ಲಿ ಕುಂಬಳದ ಬೀಜ ಹಾಕಿದ್ದಳು. ಬಳ್ಳಿಗೆ ನಮ್ಮ ಮನೆ, ಅವರ ಮನೆ ಅಂತ ಗೊತ್ತಾಗುತ್ತದೆಯೇ? ಅದು ಸೂರು ಹತ್ತಿ, ಆಚೆ ಹೋಗಿ, ಸರಿಯಾಗಿ ಮುನಿಸ್ವಾಮಿಯವರ ಅಡುಗೆಮನೆಯ ಮೇಲೆ ಒಂದು ಕಾಯಿ ಬಿಟ್ಟಿತು. ದಿನಾ ಬೆಳಿಗ್ಗೆ ಅಪ್ಪ ಕತ್ತೆತ್ತಿ ಅದನ್ನು ನೋಡಿಕೊಂಡು ಕೆಲಸಕ್ಕೆ ಹೋಗುತ್ತಿದ್ದ. ಒಂದು ದಿನ ನೋಡಿದರೆ ಕಾಯಿ ಇಲ್ಲ. ಅಪ್ಪ ಬಾಗಿಲಲ್ಲಿ ನಿಂತು, ಯಾರಿಗೂ ಅಲ್ಲ ಎಂಬಂತೆ, ಇಡೀ ಲೈನಿಗೆ ಕೇಳುವ ಹಾಗೆ, "ಯಾವನೋ ಕಿತ್ಕೊಂಡ್ ಓಗವ್ನೆ" ಎಂದ. ಆಚೆಯಿಂದ ಮುನಿಸ್ವಾಮಿ ಹೊರಗೆ ಬಂದರು.

"ಯಾರ್‌ನ ಏಳ್ತಿರೋದು ನೀನು?"

"ನಿನ್ ಎಸ್ರು ಎತ್ತಿದ್ನಾ ನಾನು? ಕುಂಬಳಕಾಯಿ ಕಳ್ಳ ಅಂದ್ರೆ ಎಗಲು ಮುಟ್ ನೋಡ್ಕೊಂಡ್ನಂತೆ."

ಮುನಿಸ್ವಾಮಿಯವರ ಹೆಗಲ ಮೇಲೆ ಟವೆಲ್ ಇತ್ತು, ಕೈ ಅದರ ಮೇಲೇ ಇತ್ತು. ಇಡೀ ಲೈನು ಘೊಳ್ಳೆಂದು ನಕ್ಕಿತು. ಅಷ್ಟೇ, ಅವತ್ತಿನಿಂದ ಇಬ್ಬರಿಗೂ ಮಾತಿಲ್ಲ. ಹೆಂಡತಿಯರೂ ಮಾತಾಡಕೂಡದು, ಮಕ್ಕಳೂ ಮಾತಾಡಕೂಡದು ಅಂತ ಎರಡೂ ಮನೆಯಲ್ಲಿ ಕಟ್ಟಪ್ಪಣೆಯಾಯಿತು.

ಮರುದಿನ ಬೆಳಿಗ್ಗೆ ಅಮ್ಮ ಎದ್ದು, ಸೌಟು ತಗೊಂಡು, ಎಂದಿನಂತೆ ಗೋಡೆಗೆ ಒಂದು ತಟ್ಟಿದಳು. ಆಚೆಯಿಂದ ಒಂದು ಬಂತು. ಅಪ್ಪ ಹಾಸಿಗೆಯಲ್ಲೇ ಎದ್ದು ಕೂತ. "ಏನೇ ಇದು? ಮಾತಾಡ್ಬ್ಯಾಡ ಅಂದಿರ್ಲಿಲ್ವಾ?"

ಅಮ್ಮ ಕಡ್ಡಿ ಗೀರುತ್ತಾ, "ಮಾತಾಡ್ಬ್ಯಾಡ ಅಂದ್ರಿ. ತಟ್ಟ್‌ಬ್ಯಾಡ ಅಂದ್ರಾ?" ಎಂದಳು.

ಅಪ್ಪ ಮತ್ತೆ ಮುಸುಕೆಳೆದುಕೊಂಡ. ಯಾಕೆಂದರೆ ಇನ್ನೆರಡು ಗಂಟೆಗೆ ಅವನೂ ಅದನ್ನೇ ಮಾಡಬೇಕಿತ್ತು. ಆ ಮುನಿಸು ನಡೆದ ಒಂದೂವರೆ ವರ್ಷ ಅವರಿಬ್ಬರೂ ದಾರಿಯಲ್ಲಿ ಎದುರಾದರೆ ಒಬ್ಬರು ಗಣಿಯ ಪುಡಿಮಣ್ಣು ಸುರಿದ ಸೈನೈಡ್ ಗುಡ್ಡ ನೋಡುತ್ತಿದ್ದರು, ಇನ್ನೊಬ್ಬರು ಆಕಾಶ ನೋಡುತ್ತಿದ್ದರು. ಪಾಳಿ ಶುರುವಾಯಿತೋ, ಒಬ್ಬರು ಗಂಟೆ ಹೊಡೆಯುವುದು, ಇನ್ನೊಬ್ಬರು ತಿರುಗಿ ಹೊಡೆಯುವುದು. ಅವರು ಅಷ್ಟೊಂದು ಮಾತು ತಮ್ಮ ಹೆಂಡಿರ ಜೊತೆಗೂ ಆಡಿರಲಿಕ್ಕಿಲ್ಲ. ನಾನು ಒಂದು ಸಲ ಭಯದಿಂದ ಕೇಳಿದ್ದೆ, "ಅಪ್ಪಾ, ನಿನಗೆ ಅವರ ಮೇಲೆ ಸಿಟ್ಟಲ್ವಾ, ಮಲ್ಲಿಕಾಳ ಅಪ್ಪನ್ನ ಬೀಳಿಸಿಬಿಡ್ತೀಯಾ?"

ಅಪ್ಪ ನನ್ನನ್ನು ಹತ್ತಿರ ಎಳೆದುಕೊಂಡ. "ಥೂ, ಉಚ್ಚಿ! ಮಾತ್ ಬಿಟ್ಟಿದ್ದೀನಿ ಕಣಮ್ಮಾ, ಅಗ್ಗ ಬಿಟ್ಟಿಲ್ಲ" ಎಂದ.

ಆ ವಯಸ್ಸಿಗೆ ನನಗೆ ಇದು ಅರ್ಥವಾಗಲಿಲ್ಲ. ನಮ್ಮ ಜಗಳದಲ್ಲಿ ನಾನೂ ಮಲ್ಲಿಕಾಳೂ ಎಲ್ಲವನ್ನೂ ಬಿಡುತ್ತಿದ್ದೆವು, ಕೊಟ್ಟ ಬಳಪ ಕೂಡ ವಾಪಸ್ ಕೇಳುತ್ತಿದ್ದೆವು.

ಆಮೇಲೆ ಒಂದು ಮಧ್ಯಾಹ್ನ ಏರ್‌ಬ್ಲಾಸ್ಟ್ ಆಯಿತು. ನೆಲದ ಆಳದಲ್ಲಿ ಬಂಡೆ ಒತ್ತಡ ತಾಳದೆ ಸಿಡಿಯುವುದಕ್ಕೆ ನಮ್ಮ ಕಡೆ ಹಾಗೆನ್ನುತ್ತಿದ್ದರು. ಮನೆ ಗಡಗಡ ಅಂದಿತು, ಹಲಗೆಯ ಮೇಲಿದ್ದ ಪಾತ್ರೆಗಳೆಲ್ಲ ಧಡಧಡ ಬಿದ್ದವು. ಅಮ್ಮ ಗೋಡೆಗೆ ಮೂರು ತಟ್ಟಿದಳು, ಅದೇ ಹೊತ್ತಿಗೆ ಆಚೆಯಿಂದಲೂ ಮೂರು ಬಂತು. ಅಮ್ಮಂದಿರಿಬ್ಬರೂ ಬರಿಗಾಲಲ್ಲಿ ಗಣಿಬಾಯಿಯ ಶಾಫ್ಟಿನ ಕಡೆ ಓಡಿದರು, ಹಿಂದೆ ನಾನು, ಮಲ್ಲಿಕಾ. ಗೇಟಿನ ಹೊರಗೆ ಹೆಂಗಸರ ಗುಂಪು ನಿಂತಿತ್ತು. ಯಾರೂ ಅಳುತ್ತಿರಲಿಲ್ಲ, ಎಲ್ಲರೂ ಕೇಜಿನ ಹಗ್ಗ ಹಾಯುವ ಮೇಲಿನ ದೊಡ್ಡ ಚಕ್ರವನ್ನೇ ನೋಡುತ್ತಿದ್ದರು. ಅದು ತಿರುಗಿದರೆ ಯಾರೋ ಮೇಲೆ ಬರುತ್ತಿದ್ದಾರೆ ಅಂತ. ತಿರುಗುತ್ತಿರಲಿಲ್ಲ.

ಒಳಗೆ ಆದದ್ದನ್ನು ಅಪ್ಪ ಆಮೇಲೆ ನೂರು ಸಲ ಹೇಳಿದ್ದಾನೆ. ಕೆಳಗಿನಿಂದ ಗಂಟೆಯೇ ಇಲ್ಲ. ಸುತ್ತ ನಿಂತವರು "ಎಳಿ, ಎಳಿ" ಅಂತ ಕೂಗುತ್ತಿದ್ದಾರೆ. ಅಪ್ಪ ಹಿಡಿಕೆ ಮುಟ್ಟಲಿಲ್ಲ. "ಮುನಿಸ್ವಾಮಿ ಒಡೀಲಿ. ಅವ್ನು ಒಡೀದೆ ನಾನ್ ಅಲ್ಲಾಡ್ಸಲ್ಲ" ಎಂದನಂತೆ. ಒಂದೂವರೆ ವರ್ಷದ ಮೇಲೆ ಅವರ ಹೆಸರು ಅವನ ಬಾಯಲ್ಲಿ ಬಂದದ್ದು ಅವತ್ತೇ. ಎಷ್ಟೋ ಹೊತ್ತಿನ ಮೇಲೆ ಗಂಟೆ ಬಂತು. ಜನ ಹತ್ತಿದ್ದಾರೆ ಅಂತ ಹೇಳುವ ಗಂಟೆ, ಒಂದೊಂದೇ, ಬಿಡಿಬಿಡಿಯಾಗಿ. ಅಪ್ಪ ತಿರುಗಿ ಹೊಡೆದ. ಆಮೇಲೆ ಹಿಡಿಕೆಗೆ ಕೈ ಹಾಕಿದ. ಎಲ್ಲರನ್ನೂ ಹತ್ತಿಸಿ ಕಳಿಸಿ ಕೊನೆಯ ಕೇಜಿನಲ್ಲಿ ಮುನಿಸ್ವಾಮಿ ಮೇಲೆ ಬಂದರು. ಪಾಳಿ ಮುಗಿದು ಇಬ್ಬರೂ ಒಂದೇ ದಾರಿಯಲ್ಲಿ ಮನೆಗೆ ಬಂದರು, ನಡುವೆ ಹತ್ತು ಮಾರು ಬಿಟ್ಟುಕೊಂಡು.

ಮರುದಿನ ಬೆಳಿಗ್ಗೆ ನಮ್ಮ ಹೊಸ್ತಿಲ ಹತ್ತಿರ ಅರ್ಧ ಕುಂಬಳಕಾಯಿ ಇತ್ತು. ಅಪ್ಪ ಅದನ್ನು ತಿರುಗಿಸಿ ಮುರುಗಿಸಿ ನೋಡಿ, ಕಣ್ಣೊರೆಸಿಕೊಂಡು, "ಈ ಕಾಯೂ ನಮ್ಮ ಬಳ್ಳೀದೇ ಕಣೇ" ಎಂದ.

ಇರಲಿ, ನಾನು ಹೇಳಹೊರಟದ್ದು ಫೋನಿನ ಕಥೆ. ಗೋಡೆಯಿಂದ ಶುರು ಮಾಡಿ ಕುಂಬಳಕಾಯಿಗೆ ಬಂದೆ. ನನ್ನ ಸ್ವಭಾವವೇ ಹಾಗೆ. ಕಾರ್ಖಾನೆಯ ಸ್ಟೋರ್ಸಿನಲ್ಲಿ ಇಪ್ಪತ್ತೆಂಟು ವರ್ಷ ಕೆಲಸ ಮಾಡಿದೆ. ಯಾರಾದರೂ ಬಂದು ನಟ್ಟು ಕೇಳಿದರೆ ಅದು ಇರುವ ಕಪಾಟಿನ ಚರಿತ್ರೆಯನ್ನೆಲ್ಲ ಹೇಳಿ ಆಮೇಲೆ ನಟ್ಟು ಕೊಡುತ್ತಿದ್ದೆನಂತೆ.

ಗಣಿ ಮುಚ್ಚಿತು. ಅಪ್ಪಂದಿರು ಹೋದರು, ಅಮ್ಮಂದಿರೂ ಹೋದರು. ನಾನು ಮದುವೆಯಾಗಿ ಬಂಗಾರಪೇಟೆಗೆ ಬಂದೆ. ಮಲ್ಲಿಕಾ ಸೋದರಮಾವನನ್ನೇ ಕಟ್ಟಿಕೊಂಡು ಅದೇ ಲೈನಿನ ಅದೇ ಮನೆಯಲ್ಲಿ ಉಳಿದಳು. ಅವನೂ ಹೋದ ಮೇಲೆ ಹೊಲಿಗೆ ಯಂತ್ರ ಇಟ್ಟುಕೊಂಡು ಅರ್ಧ ಕೆ.ಜಿ.ಎಫ್.ಗೆ ರವಿಕೆ ಹೊಲಿದಳು. ಇಬ್ಬರ ಕೈಗೂ ಮೊಬೈಲು ಬಂದ ಹೊಸತರಲ್ಲಿ ಒಂದು ದಿನ ಬೆಳಿಗ್ಗೆ ಆರೂವರೆಗೆ ನನ್ನ ಫೋನು ಒಂದೇ ಒಂದು ರಿಂಗ್ ಆಗಿ ನಿಂತಿತು. ನೋಡಿದರೆ ಮಲ್ಲಿಕಾ. ನನಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ನಾನೂ ಒಂದು ರಿಂಗ್ ಕೊಟ್ಟು ಕಟ್ ಮಾಡಿದೆ. ಇದ್ದೀಯಾ? ಇದ್ದೀನಿ. ಆಮೇಲೆ ಒಲೆ ಹಚ್ಚಿದೆ.

ಆಗ ಎಲ್ಲರೂ ಮಿಸ್ಡ್ ಕಾಲ್ ಕೊಡುತ್ತಿದ್ದ ಕಾಲ. ಒಂದು ರಿಂಗ್ ಕೊಟ್ಟರೆ ರೈಲು ಹತ್ತಿದೆ, ಎರಡು ಕೊಟ್ಟರೆ ಹಾಲು ತಗೊಂಡು ಬಾ. ಆಮೇಲೆ ಎಷ್ಟು ಬೇಕಾದರೂ ಮಾತಾಡಬಹುದು ಎಂಬ ಕಾಲ ಬಂತು, ಎಲ್ಲರೂ ಮಿಸ್ಡ್ ಕಾಲ್ ಮರೆತರು. ನಾವು ಮಾತ್ರ ಬಿಡಲಿಲ್ಲ. ಅವಳದು ಮೊದಲು, ನನ್ನದು ಉತ್ತರ. ಫೋನು ಎತ್ತಬಾರದು, ಮಾತಾಡಬಾರದು. ಎತ್ತಿದರೆ ಮಲ್ಲಿಕಾಳ ಬಾಯಿ ಒಂದು ಗಂಟೆಗೆ ಮುಂಚೆ ಮುಚ್ಚುವುದಿಲ್ಲ, ನನ್ನದು ಎರಡು ಗಂಟೆಗೆ.

ಹಾಗಿದ್ದವರು ಜಗಳವಾಡಿದೆವು. ತಪ್ಪು ನನ್ನದೇ. ಈಗ ಹೇಳುವಷ್ಟು ಸಲೀಸಾಗಿ ಆಗ ಒಪ್ಪಿಕೊಂಡಿರಲಿಲ್ಲ.

ನನ್ನ ಮಗಳ ಮದುವೆ ನಿಶ್ಚಯವಾಯಿತು. ಲಗ್ನಪತ್ರಿಕೆ ಹಂಚಲು ಹೊತ್ತಿಲ್ಲ, ಬಿಸಿಲು, ಮಂಡಿನೋವು, ನೆಪಕ್ಕೇನು ಬರ? ಎಲ್ಲರಿಗೂ ವಾಟ್ಸಾಪಿನಲ್ಲೇ ಕಳಿಸಿಬಿಟ್ಟೆ. ಮಲ್ಲಿಕಾಳದು ಗುಂಡಿ ಒತ್ತುವ ಫೋನು, ಅದರಲ್ಲಿ ವಾಟ್ಸಾಪ್ ಇಲ್ಲ. ಹೊಸೂರಿನಲ್ಲಿ ಕೆಲಸದಲ್ಲಿರುವ ಅವಳ ಮಗನಿಗೆ ಕಳಿಸಿದೆ, "ಅಮ್ಮನಿಗೆ ತೋರಿಸಪ್ಪ" ಅಂತ. ಅದೇ ಹೊತ್ತಿಗೆ ಅವಳು ಅಲ್ಲಿ ನನ್ನ ಮಗಳ ಧಾರೆಯ ರವಿಕೆಗೆ ಕೈಯಲ್ಲೇ ಜರಿ ಹೊಲಿಯುತ್ತಿದ್ದಳು. ಅರಿಶಿನ ಕುಂಕುಮ ತಗೊಂಡು ನಾನು ಹೊಸ್ತಿಲಿಗೆ ಬರುತ್ತೇನೆ ಅಂತ ಬಾಗಿಲು ನೋಡುತ್ತಾ ಹೊಲಿದಳಂತೆ. ಇಪ್ಪತ್ತು ನಿಮಿಷದ ದಾರಿ. ನಾನು ಹೋಗಲಿಲ್ಲ.

ಮದುವೆಗೆ ಬಂದಳು. ರವಿಕೆ ಕೊಟ್ಟಳು, ಮಗಳ ತಲೆ ಸವರಿದಳು. ಊಟಕ್ಕೆ ಏಳು ಅಂದರೆ, ಬೀಗರ ಎದುರಿಗೇ, "ಮದ್ವೆ ಕಾಗ್ದ ಫೋಟೋ ಕಳ್ಸಿದ್ಯಲ್ಲಾ ರತ್ನಿ, ಊಟದ್ದೂ ಒಂದ್ ಫೋಟೋ ಕಳ್ಸು. ನೋಡ್ಕೊಂಡು ಒಟ್ಟೆ ತುಂಬಿಸ್ಕೊತೀನಿ" ಎಂದಳು. ಎಲೆಯ ಮುಂದೆ ಕೂರದೆ ಹೊರಟೇಹೋದಳು.

ಬೀಗರ ಮುಂದೆ ನನ್ನ ಮಾನ ಮೂರಾಬಟ್ಟೆ. ಅವತ್ತು ಸಂಜೆ ಸಿಟ್ಟು ತಡೆಯದೆ ಫೋನು ತಗೊಂಡು ಅವಳ ಹೆಸರನ್ನೇ ಅಳಿಸಿಹಾಕಿದೆ. ಅಳಿಸಿ, "ಇನ್ನು ನೀನು ನನಗೆ ಯಾರೂ ಅಲ್ಲ ಹೋಗು" ಅಂತ ಬಾಯಿಬಿಟ್ಟು ಹೇಳಿದೆ ಕೂಡ. ಮರುದಿನ ಬೆಳಿಗ್ಗೆ ಆರೂವರೆಗೆ ಫೋನು ಒಂದು ರಿಂಗ್ ಆಯಿತು. ಹೆಸರಿಲ್ಲ, ಬರೀ ಅಂಕಿ. ಅಂಕಿ ನನಗೆ ಬಾಯಿಪಾಠ. ನಾನೂ ಒಂದು ರಿಂಗ್ ಕೊಟ್ಟೆ.

ಹೀಗೆ ಎರಡು ವರ್ಷ. ಮಾತಿಲ್ಲ, ಕಥೆಯಿಲ್ಲ, ಆರೂವರೆಗೆ ಒಂದು ರಿಂಗ್, ಅದಕ್ಕೊಂದು ಉತ್ತರ. ನಮ್ಮವರು, "ನೀವಿಬ್ಬರೂ ನಿಮ್ಮಪ್ಪಂದಿರ ಮಕ್ಕಳೇ, ಸಂಶಯವಿಲ್ಲ" ಅನ್ನುತ್ತಿದ್ದರು.

ಹೋದ ತಿಂಗಳು ಅಳಿಯಂದಿರು ಹೊಸ ಫೋನು ತಂದುಕೊಟ್ಟರು. ಅದಕ್ಕೆ ಕಾರಣವಿತ್ತು. ಯಾರೋ ಬ್ಯಾಂಕಿನವರೆಂದು ಹೇಳಿಕೊಂಡು ಫೋನು ಮಾಡಿದ್ದ. ಧ್ವನಿ ಬಹಳ ವಿನಯವಾಗಿತ್ತು. ನಾನು ಅವನಿಗೆ ನನ್ನ ಹೆಸರು, ಊರು, ವಯಸ್ಸು, ಕೊನೆಗೆ ಬಿ.ಪಿ. ಎಷ್ಟಿದೆ ಅನ್ನುವುದನ್ನೂ ಹೇಳಿದ್ದೆ. ಇನ್ನೇನು ಗುಟ್ಟಿನ ನಂಬರ್ ಹೇಳಬೇಕು, ಅಷ್ಟರಲ್ಲಿ ನಮ್ಮವರು ಬಂದು ಕಿತ್ತುಕೊಂಡರು. ಅಳಿಯಂದಿರು ಹೊಸ ಫೋನಿನಲ್ಲಿ ಏನೇನೋ ಒತ್ತಿ, "ಅತ್ತೆ, ಇನ್ಮೇಲೆ ಯೋಚನೆ ಮಾಡಬೇಡಿ. ಗುರುತಿಲ್ಲದವರು ಯಾರು ಮಾಡಿದರೂ ನಿಮಗೆ ರಿಂಗೇ ಆಗಲ್ಲ" ಎಂದರು. ನನಗೆ ಎಷ್ಟು ಸಮಾಧಾನವಾಯಿತು ಅಂದರೆ ಅವರಿಗೆ ಅವತ್ತೇ ಒಬ್ಬಟ್ಟು ಮಾಡಿ ಬಡಿಸಿದೆ.

ಮರುದಿನ ಆರೂವರೆಗೆ ರಿಂಗ್ ಬರಲಿಲ್ಲ.

ಏಳಾಯಿತು, ಏಳೂವರೆಯಾಯಿತು. ನಮ್ಮವರು, "ಇವತ್ತು ಕಾಫಿ ಇದೆಯೋ ಇಲ್ಲವೋ?" ಎಂದರು. ಆಗ ನೋಡಿಕೊಂಡೆ, ಒಲೆಯನ್ನೇ ಹಚ್ಚಿರಲಿಲ್ಲ.

ಮೊದಲ ದಿನ, ಮಲಗಿರಬೇಕು ಅಂದುಕೊಂಡೆ. ಎರಡನೇ ದಿನ, ಕೊಬ್ಬು, ಬೇಕಂತಲೇ ನಿಲ್ಲಿಸಿದ್ದಾಳೆ, ಎರಡು ವರ್ಷದ ಮೇಲೆ ಈಗ ರೋಷ ಉಕ್ಕಿತೇನೋ ಅಂದುಕೊಂಡೆ. "ನೀನೇ ಮಾಡಬಾರದಾ?" ಎಂದರು ನಮ್ಮವರು. "ಮೊದಲು ಮಾಡೋಳು ಅವಳು. ನಾನು ಉತ್ತರ ಕೊಡೋಳು" ಎಂದೆ. "ಸರಿ, ಗಣಿ ಕಾನೂನು" ಅಂತ ಅವರು ಮತ್ತೆ ಪೇಪರು ಎತ್ತಿಕೊಂಡರು. ಮೂರನೇ ದಿನ ಕಾನೂನು ಮುರಿದು ನಾನೇ ಒಂದು ರಿಂಗ್ ಕೊಟ್ಟು ಕಟ್ ಮಾಡಿ, ಫೋನನ್ನು ತೊಡೆಯ ಮೇಲಿಟ್ಟುಕೊಂಡು ಕೂತೆ. ಉತ್ತರವಿಲ್ಲ. ಮಧ್ಯಾಹ್ನದವರೆಗೂ ಕೂತೆ. ಮಲ್ಲಿಕಾ ಉತ್ತರ ಕೊಡಲಿಲ್ಲ ಅಂದರೆ ಅವಳು ಇಲ್ಲ ಅಂತಲೇ ಅರ್ಥ. ಸಿಟ್ಟು ಬಂದು ನಿಲ್ಲಿಸುವ ಜಾತಿಯಲ್ಲ ನಮ್ಮದು.

ಸತ್ತಳು ಅಂದುಕೊಂಡೆ. ಯಾರಾದರೂ ನನಗೆ ಹೇಳುತ್ತಾರೆಯೇ? ಅವಳ ಮಗನಿಗೆ ನನ್ನ ಮೇಲೆ ಯಾವ ಗೌರವ ಉಳಿದಿದೆ? ಅಥವಾ ಅವನು ವಾಟ್ಸಾಪಿನಲ್ಲಿ ಒಂದು ಫೋಟೋ ಹಾಕಿ ಸುಮ್ಮನಾಗಬಹುದು. ಹಾಗೆ ಮಾಡಿದರೆ ಕೇಳಲು ನನಗೆ ಯಾವ ಬಾಯಿದೆ? ಆ ದಿನ ನಾನು ಪಟ್ಟ ಸಂಕಟ ನನ್ನ ಶತ್ರುವಿಗೂ ಬೇಡ.

ನಾಲ್ಕನೇ ದಿನ ಬೆಳಿಗ್ಗೆ ಎದ್ದವಳೇ ಹೊರಟೆ. ರೈಲಿಗೆ ಹೊತ್ತಿತ್ತು, ಕಾಯಲು ಮನಸ್ಸಾಗಲಿಲ್ಲ. ಬಸ್ಸು ಹತ್ತಿ ರಾಬರ್ಟ್‌ಸನ್‌ಪೇಟೆಯಲ್ಲಿ ಇಳಿದು ಆಟೋ ಹಿಡಿದೆ. ಲೈನಿನ ತಿರುವಿನಲ್ಲಿ ಪೆಂಡಾಲ್ ಹಾಕಿದ್ದಾರೇನೋ ಅಂತ ಕತ್ತು ಚಾಚಿ ನೋಡುತ್ತಿದ್ದೆ. ಪೆಂಡಾಲ್ ಇರಲಿಲ್ಲ. ಬಾಗಿಲಿಗೆ ಬೀಗ ಇತ್ತು. ಅದನ್ನು ನೋಡಿ ಮೆಟ್ಟಿಲ ಮೇಲೇ ಕೂತುಬಿಟ್ಟೆ.

ಒಂದು ಕಾಲಕ್ಕೆ ನಮ್ಮದಾಗಿದ್ದ ಪಕ್ಕದ ಮನೆಯಲ್ಲಿ ಈಗ ಶಾಂತಿ ಅನ್ನುವ ಹುಡುಗಿ ಇದ್ದಾಳೆ, ಗಾರ್ಮೆಂಟ್ಸಿಗೆ ಹೋಗುವವಳು. ಅವಳು ಹೊರಗೆ ಬಂದಳು.

"ಮಲ್ಲಿಕಾ ಆಂಟೀನಾ? ಬೆಳಗ್ಗೆ ಟ್ರೈನ್‌ಗೆ ಬಂಗಾರಪೇಟೆಗೆ ಓದ್ರು. ಅಲ್ಲಿ ಅವ್ರ ಸ್ನೇಹಿತ್ರಿಗೆ ಏನೋ ಆಗೋಗೈತಂತೆ, ಮೂರು ದಿನದಿಂದ ಫೋನ್ ಎತ್ತಿಲ್ವಂತೆ, ನಿನ್ನೆ ಒಂದ್ ರಿಂಗ್ ಬಂದು ನಿಂತೋಯ್ತಂತೆ. ಅಳ್ತಾ ಓದ್ರು ಪಾಪ."

"ಆ ಸ್ನೇಹಿತೆ ನಾನೇ ಕಣಮ್ಮಾ" ಎಂದೆ.

ಅವಳು ನನ್ನನ್ನು ಮೇಲಿಂದ ಕೆಳಗೆ ನೋಡಿದಳು. ಏನೂ ಆಗಿಲ್ಲದವಳ ಹಾಗೆ ಕಂಡಿರಬೇಕು, ಸ್ವಲ್ಪ ಸಿಟ್ಟೂ ಬಂದಿರಬೇಕು. "ಮತ್ತೆ ಯಾಕೆ ಎತ್ತಿಲ್ಲ?" ಎಂದಳು.

"ಬಂದೇ ಇಲ್ಲಮ್ಮಾ. ಒಂದು ರಿಂಗೂ ಬಂದಿಲ್ಲ."

"ಕೊಡಿ ಇಲ್ಲಿ." ಫೋನು ತಗೊಂಡು ಎಲ್ಲೆಲ್ಲೋ ಒತ್ತಿ, ಒಂದು ಪಟ್ಟಿ ತೆಗೆದು ನನ್ನ ಮುಖಕ್ಕೆ ಹಿಡಿದಳು. ತಡೆದ ಕರೆಗಳಂತೆ. ಮೇಲಿನಿಂದ ಕೆಳಗಿನವರೆಗೆ ಒಂದೇ ಅಂಕಿ, ನನಗೆ ಬಾಯಿಪಾಠವಾಗಿದ್ದ ಅಂಕಿ. ಮೊದಲ ದಿನ ಆರೂವರೆಗೆ ಒಂದು. ಎರಡನೇ ದಿನ ನಾಲ್ಕು. ಮೂರನೇ ದಿನ, ನಾನು ರಿಂಗ್ ಕೊಟ್ಟು ಫೋನನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದೆನಲ್ಲ, ಆಗ ಹನ್ನೊಂದು. ಇವತ್ತು ಬೆಳಗಿನ ಜಾವ ಐದಕ್ಕೆ ಒಂದು, ಐದೂಕಾಲಿಗೆ ಒಂದು.

"ಇದು ನಿಮ್ ಫೋನಲ್ಲಿ ಸೇವ್ ಇಲ್ಲ ಆಂಟಿ" ಎಂದಳು ಶಾಂತಿ. "ಅದ್ಕೇ ಗುರುತಿಲ್ದೋರು ಅಂತ ತಡ್ದೈತೆ. ಫೋನ್ ಕೆಟ್ಟಿಲ್ಲ, ಸರಿಯಾಗೇ ಐತೆ."

ಸರಿಯಾಗೇ ಇತ್ತು. ಅದಕ್ಕೇನು ಗೊತ್ತು? ಅಳಿಯಂದಿರದೂ ತಪ್ಪಿಲ್ಲ. ಗುರುತಿಲ್ಲದವರು ಎಂದರೆ ಯಾರು ಅಂತ ನಾನು ಎರಡು ವರ್ಷದ ಹಿಂದೆಯೇ ನನ್ನ ಕೈಯಾರೆ ಬರೆದುಕೊಟ್ಟಿದ್ದೆ. ನಮ್ಮಪ್ಪ ಮಾತು ಬಿಟ್ಟು ಹಗ್ಗ ಹಿಡಿದುಕೊಂಡಿದ್ದ. ನಾನು ಹಗ್ಗ ಹಿಡಿದಿದ್ದೇನೆ ಅಂದುಕೊಂಡೇ ಅದನ್ನು ಕತ್ತರಿಸಿದ್ದೆ. ಅಲ್ಲಿ, ಆ ಹುಡುಗಿಯ ಎದುರಿಗೆ, ನನಗೆ ಅಳು ಬಂತು.

"ಏನಂತ ಸೇವ್ ಮಾಡ್ಲಿ?" ಎಂದಳು ಶಾಂತಿ, ಮೆತ್ತಗಾಗಿ.

"ಮಲ್ಲಿ ಅಂತ ಹಾಕು."

ಅಷ್ಟರಲ್ಲಿ ಫೋನು ರಿಂಗಾಯಿತು. ನಮ್ಮವರು. "ನಿನ್ನ ಮಲ್ಲಿಕಾ ಇಲ್ಲಿ ಬಂದು ಬಾಗಿಲಲ್ಲಿ ನಿಂತಿದ್ದಾಳೆ. ಬಂದವಳೇ 'ರತ್ನಿ ಇದ್ದಾಳಾ?' ಅಂತ ಒಂದೇ ಕೇಳಿದಳು. ಇದ್ದಾಳಮ್ಮ, ನಿಮ್ಮನೆಗೇ ಹೋಗಿದ್ದಾಳೆ ಅಂದೆ. ಅಲ್ಲೇ ಕೂತುಬಿಟ್ಟಳು. ಕಾಫಿ ಬೇಡವಂತೆ. ಫೋನ್ ಕೊಡಲಾ, ಮಾತಾಡ್ತೀಯಾ?"

"ಬೇಡ" ಎಂದೆ. ಅದೇ ಗಳಿಗೆಗೆ ಫೋನಿನ ಆ ತುದಿಯಿಂದ, "ಬ್ಯಾಡ" ಅಂತ ಮಲ್ಲಿಕಾಳ ಧ್ವನಿ ಕೇಳಿಸಿತು. ಎರಡು ವರ್ಷದ ಮೇಲೆ.

ನಮ್ಮವರು ನಿಟ್ಟುಸಿರು ಬಿಟ್ಟರು. "ಅವಳು ಬರ್ತಾಳಂತೆ. ನೀನು ಅಲ್ಲೇ ಇರಬೇಕಂತೆ. ಅಲ್ಲಾಡಬೇಡ ಅಂತಾಳೆ."

ನಾನು ಅಲ್ಲಾಡಲಿಲ್ಲ. ಶಾಂತಿ ಕೆಲಸಕ್ಕೆ ಹೋದಳು. ಬಿಸಿಲು ಮೆಟ್ಟಿಲಿಗೆ ಬಂತು, ಕಾಲು ಮಡಿಸಿಕೊಂಡು ಮಲ್ಲಿಕಾಳ ಮನೆಯ ಗೋಡೆಗೆ ಒರಗಿ ಕೂತೆ. ಗೋಡೆಗೆ ಈಗ ಸಿಮೆಂಟ್ ಮೆತ್ತಿದ್ದಾರೆ, ನೀಲಿ ಬಣ್ಣ ಹೊಡೆದಿದ್ದಾರೆ. ಎದುರಿಗೆ ಗಣಿಯ ಹಳೆಯ ಚಕ್ರ ತುಕ್ಕು ಹಿಡಿದು ನಿಂತಿತ್ತು. ಅದನ್ನು ನೋಡುತ್ತಾ ಅವತ್ತು ಗೇಟಿನ ಹೊರಗೆ ನಿಂತ ಹೆಂಗಸರನ್ನು ನೆನೆಸಿಕೊಂಡೆ. ಅವಳು ಬಂದರೆ ಏನು ಹೇಳಬೇಕು ಅಂತ ಹತ್ತು ರೀತಿ ಜೋಡಿಸಿ ನೋಡಿದೆ. ಯಾವುದೂ ಸರಿಹೋಗಲಿಲ್ಲ.

ಮಧ್ಯಾಹ್ನದ ಹೊತ್ತಿಗೆ ತಿರುವಿನಲ್ಲಿ ಮಲ್ಲಿಕಾ ಕಾಣಿಸಿದಳು. ಕೂದಲು ಪೂರ್ತಿ ಬೆಳ್ಳಗಾಗಿದೆ. ಬಲಗಾಲು ಎಳೆದು ಹಾಕುತ್ತಾಳೆ, ಅದು ನನಗೆ ಗೊತ್ತೇ ಇರಲಿಲ್ಲ. ರಿಂಗಿನಲ್ಲಿ ಕಾಲುನೋವು ಕೇಳಿಸುವುದಿಲ್ಲವಲ್ಲ. ಹತ್ತಿರ ಬಂದು ನಿಂತಳು. ನನ್ನನ್ನು ನೋಡಿದಳು, ನಾನು ಅವಳನ್ನು ನೋಡಿದೆ. ಸೊಂಟದಿಂದ ಬೀಗದ ಕೈ ತೆಗೆದು, ಬಾಗಿಲು ತೆರೆದು, ಒಳಗೆ ಹೋದಳು. ಬಾಗಿಲು ಹಾಕಲಿಲ್ಲ, ಬಾ ಅಂತಲೂ ಅನ್ನಲಿಲ್ಲ.

ಒಳಗೆ ನೀರು ಸುರಿದ ಸದ್ದಾಯಿತು. ಪಾತ್ರೆಗಳು ಅಲ್ಲಾಡಿದವು. ಆಮೇಲೆ ನಾನು ಒರಗಿ ಕೂತಿದ್ದ ಗೋಡೆಗೆ ಒಳಗಿನಿಂದ ಒಂದು ಸಲ ತಟ್ಟಿದಳು.

ಸೌಟಿನ ಹಿಡಿ. ಆ ಸದ್ದು ನನಗೆ ಬೆನ್ನಿನಲ್ಲೇ ಗೊತ್ತಾಯಿತು.

ತಿರುಗಿ ಕೂತು, ಬೆರಳ ಗೆಣ್ಣು ಮಡಿಸಿ, ಒಂದು ಸಲ ತಟ್ಟಿದೆ.

ಒಳಗೆ ಕಡ್ಡಿ ಗೀರಿದ ಸದ್ದು ಕೇಳಿಸಿತು. ಒಲೆ ಹತ್ತಿತು. ಸಾಸಿವೆ ಸಿಡಿಯಿತು, ಅವರೆಕಾಳಿನ ವಾಸನೆ ಬಂತು. ಎಷ್ಟೋ ಹೊತ್ತಿನ ಮೇಲೆ ಗೋಡೆಗೆ ಎರಡು ಸಲ ತಟ್ಟಿದಳು.

ನಾನು ಪಾತ್ರೆ ತಂದಿರಲಿಲ್ಲ. ಬರಿಗೈಯಲ್ಲೇ ಎದ್ದು ಒಳಗೆ ಹೋದೆ.